ಒಂಬತ್ತನೇ ಡಬ್ಬ

ಕಂತು ಏಳು

“ಒಂಬತ್ತನೇ ಡಬ್ಬ ಎಲ್ಲಮ್ಮಾ? ಎಲ್ಲಿ ಬಚ್ಚಿಟ್ಟಿದ್ದೀರಿ?”

ಒಂದು ಕೈಯಲ್ಲಿ ಬ್ರಶ್ಶು, ಇನ್ನೊಂದು ಕೈಯಲ್ಲಿ ಖಾಲಿ ಲೋಟ ಹಿಡಿದು ನರ್ಸಜ್ಜಿ ನನ್ನ ಮೇಜಿನ ಮುಂದೆ ನಿಂತಿದ್ದರು. ಊರಿನ ಅರ್ಧ ಜನ ಹುಟ್ಟಿದ್ದು ಅವರ ಕೈಯಲ್ಲೇ. ಹಾಗಾಗಿ ಯಾರನ್ನು ಬೇಕಾದರೂ ಗದರಿಸುವ ಹಕ್ಕು ಅವರಿಗಿತ್ತು.

“ಒಂಬತ್ತು ಇಲ್ಲ ಅಜ್ಜಿ. ಎಂಟೇ ಬಣ್ಣ,” ಎಂದೆ.

“ಏನಂದೆ? ಬಾಯಿ ಬಿಟ್ಟು ಹೇಳೇ. ಹುಟ್ಟಿದಾಗ್ಲೂ ಹೀಗೇ ನೀನು. ಬೆನ್ನಿಗೆರಡು ಬಾರಿಸಿದ ಮೇಲೇ ಸ್ವರ ಹೊರಟಿದ್ದು.”

ಬಣ್ಣಕ್ಕಾಗಿ ಸಾಲು ನಿಂತವರು ನಕ್ಕರು.

“ಎಂಟೇ ಬಣ್ಣ ಇರೋದು ಅಜ್ಜಿ.”

“ಹಾಗಾದ್ರೆ ಗೋಡೆ ಮೇಲೆ ಒಂಬತ್ತು ಅಂತ ನಿಮ್ಮಜ್ಜ ಬಂದು ಬರೆದನಾ?”

ಲೋಟಕ್ಕೆ ಬಣ್ಣ ಸುರಿಯುತ್ತಿದ್ದ ನನ್ನ ಕೈ ಅಲ್ಲೇ ನಿಂತಿತು.

ಗುರುವಾರ ಸಂಜೆ ಕಾಣೆಯಾದ ಅಕ್ಕನ ಸುಳಿವು ಭಾನುವಾರ ಮಧ್ಯಾಹ್ನ ಎರಡಾದರೂ ಸಿಕ್ಕಿರಲಿಲ್ಲ. ಆದರೆ ಅವಳ ಗೋಡೆಗೆ ಮಾತ್ರ ಇಡೀ ಊರು ಬಂದು ಬಣ್ಣ ಹಚ್ಚುತ್ತಿತ್ತು.

ಚೌಕದ ಉದ್ದಕ್ಕೂ ಚಾಚಿದ ಹಳೆಯ ಉಗ್ರಾಣದ ಗೋಡೆ ಅದು. ಚಿತ್ರಕಲೆ ಕಲಿಸುವ ಮೇಷ್ಟ್ರಮ್ಮ ನಮ್ಮಕ್ಕ. ಬಿಳಿ ಬಳಿದ ಆ ಗೋಡೆಯ ಮೇಲೆ ಊರಿನ ಕೈಗಳನ್ನು ಬರೆದಿದ್ದಳು. ಕತ್ತರಿ ಹಿಡಿದ ಕೈ, ಸೂಜಿಗೆ ದಾರ ಪೋಣಿಸುವ ಕೈ, ಬಸ್ಸಿನ ಸ್ಟಿಯರಿಂಗ್ ಹಿಡಿದ ಕೈ. ಒಂದೊಂದೂ ಆಳೆತ್ತರ. ಗೆರೆಗಳ ನಡುವಿನ ಪ್ರತಿ ಜಾಗದಲ್ಲೂ ಇದ್ದಿಲಿನಲ್ಲಿ ಒಂದು ನಂಬರು. ಎರಡು ಅಂತಿದ್ದರೆ ಎರಡನೇ ಡಬ್ಬದ ಬಣ್ಣ, ಐದು ಅಂತಿದ್ದರೆ ಐದನೇ ಡಬ್ಬದ್ದು. ಜನ್ಮದಲ್ಲಿ ಬ್ರಶ್ ಮುಟ್ಟದವರೂ ಹಚ್ಚಬಹುದು. ಹಾಗೆಂದೇ ಇನ್ನೂರಕ್ಕೂ ಹೆಚ್ಚು ಜನ ಬಂದಿದ್ದರು.

“ಯಾವ ಕಡೆ ಅಜ್ಜಿ? ಒಂಬತ್ತು ಇರೋದು ಯಾವ ಕಡೆ?”

“ಎಡಗಡೆ ತುದೀಲಿ. ಒಂದಲ್ಲ, ಹತ್ತು ಹನ್ನೆರಡು ಇದೆ.”

ಸೌಟನ್ನು ಡಬ್ಬದೊಳಗೇ ಬಿಟ್ಟು ಎದ್ದೆ.

“ಎಲ್ಲಿಗೆ ಮಗಳೇ?” ಪಕ್ಕದ ಮೇಜಿನಿಂದ ಅಪ್ಪ ಕೇಳಿದರು. ಬಂದವರ ಹೆಸರು ಬರೆದುಕೊಳ್ಳುವ ಕೆಲಸ ಅವರದ್ದು. ನೋಂದಣಿ ಕಚೇರಿಯೆದುರು ಮೂವತ್ತು ವರ್ಷದಿಂದ ಪತ್ರ ಬರೆಯುವವರು ಅಪ್ಪ. ಅಕ್ಷರ ಮುತ್ತು ಪೋಣಿಸಿದ ಹಾಗೆ. ಮೂರು ದಿನದಿಂದ ಗಡ್ಡ ಬೋಳಿಸಿರಲಿಲ್ಲ. ಬೇಡವೆಂದರೂ ಕೇಳದೆ, ‘ಅವಳ ಗೋಡೆ, ನಾವೇ ಹೋಗದಿದ್ರೆ ಹೇಗೆ’ ಎಂದು ಬಂದು ಕೂತಿದ್ದರು.

“ನೀರು ಕುಡಿದು ಬರ್ತೀನಿ ಅಪ್ಪಾ.”

ಓಡಬಾರದು, ಜನ ನೋಡುತ್ತಾರೆ ಎಂದುಕೊಳ್ಳುತ್ತಲೇ ಓಡಿದೆ.

ಎಡತುದಿಯಲ್ಲಿ ಹಗ್ಗ ಎಳೆಯುವ ಎರಡು ಕೈಗಳ ಚಿತ್ರ. ಅಜ್ಜಿ ಹೇಳಿದ್ದು ನಿಜ. ಹಗ್ಗದ ನೆರಳಿನಲ್ಲಿ ಒಂಬತ್ತು. ಉಗುರಿನ ಸುತ್ತ ಒಂಬತ್ತು. ಮಣಿಕಟ್ಟಿನ ಕೆಳಗೆ ಒಂಬತ್ತು. ಅಕ್ಕನದೇ ಅಕ್ಷರ, ಅದೇ ಬಾಗಿದ ಕತ್ತು, ಅದೇ ಚಿಕ್ಕ ಬಾಲ.

ಆದರೆ ಅಕ್ಕ ಒಂಬತ್ತು ಬರೆಯುವ ಹಾಗೇ ಇರಲಿಲ್ಲ.

ಮೊದಲು ಪಟ್ಟಿಯಲ್ಲಿ ಒಂಬತ್ತು ಬಣ್ಣ ಇದ್ದವು. ಒಂಬತ್ತನೆಯದು ಬೂದು. ಬುಧವಾರ ಬೆಳಿಗ್ಗೆ ಲೈಬ್ರರಿಯಲ್ಲಿ ಸಭೆ ನಡೆದಾಗ ಅಕ್ಕ, ‘ಬೂದು ಬೇಡ, ಕೈಗಳು ಸತ್ತ ಹಾಗೆ ಕಾಣುತ್ತೆ’ ಎಂದು ತನ್ನ ಪಟ್ಟಿ, ನನ್ನ ಪಟ್ಟಿ, ಲೈಬ್ರರಿ ಮೇಡಂ ಪಟ್ಟಿ, ಮೂರರಲ್ಲೂ ಕೆಂಪು ಪೆನ್ನಿನಿಂದ ಹೊಡೆದುಹಾಕಿದಳು. ಗೋಡೆಗೆ ನಂಬರ್ ಹಾಕಲು ಶುರು ಮಾಡಿದ್ದು ಆ ಮಧ್ಯಾಹ್ನ. ತಾನೇ ಅಳಿಸಿದ ಬಣ್ಣವನ್ನು ಮರುದಿನ ತಾನೇ ಬರೆಯುತ್ತಾಳೆಯೇ?

ಇನ್ನೊಂದು ವಿಷಯ. ಅಕ್ಕ ಎಡಗೈಯವಳು. ಬರೆದದ್ದು ಅಂಗೈಗೆ ತಾಗಿ ಅಳಿಸಬಾರದೆಂದು ಯಾವಾಗಲೂ ಬಲತುದಿಯಿಂದ ಎಡಕ್ಕೆ ಬರುತ್ತಾಳೆ. ಅಂದರೆ ಎಡತುದಿ ಅವಳ ಕೊನೆಯ ಕೆಲಸ. ಗುರುವಾರ ಸಂಜೆ ಅವಳು ನಿಂತಿದ್ದದ್ದು ಇಲ್ಲೇ.

ಇಲ್ಲಿಯ ನಂಬರು ಅವಳು ಹಾಕಿಲ್ಲವೆಂದರೆ, ಅವಳು ಕೆಲಸ ಮುಗಿಸಲೇ ಇಲ್ಲ.

ಅಷ್ಟರಲ್ಲಿ ಮೈಕು ಕಿರುಗುಟ್ಟಿತು. ಲೈಬ್ರರಿ ಮೇಡಂ ದನಿ: “ದಯವಿಟ್ಟು ಗಮನಿಸಿ. ಒಂಬತ್ತು ಅಂತ ನಂಬರ್ ಸಿಕ್ಕವರು ತಲೆ ಕೆಡಿಸಿಕೊಳ್ಳಬೇಡಿ. ಎಂಟನೇ ಬಣ್ಣ ಹಚ್ಚಿಬಿಡಿ!”

ನನ್ನ ಕಣ್ಣೆದುರೇ ಟೈಲರಣ್ಣ ಒಂದು ಒಂಬತ್ತನ್ನು ಕಂದು ಬಣ್ಣದಲ್ಲಿ ಮುಳುಗಿಸಿದ. “ನೋಡಮ್ಮ, ಒಂದು ಹೊಲಿಗೆಯೂ ಕಾಣದ ಹಾಗೆ ಮುಚ್ಚಿದೀನಿ,” ಎಂದು ನಕ್ಕ.

ನಾನೂ ನಕ್ಕೆನೇನೋ. ನಿಲ್ಲಿಸಿ ಎಂದು ಕೂಗಬೇಕಿತ್ತು. ಬಾಯಿ ತೆರೆದೆ, ಗಾಳಿ ಬಂತು. ‘ಗುಮ್ಮನಗುಸುಕಿ’ ಎಂದು ಅಕ್ಕ ಸುಮ್ಮನೆ ಕರೆಯುತ್ತಿರಲಿಲ್ಲ.

ಇನ್‌ಸ್ಪೆಕ್ಟರು ಕತ್ತರಿಯ ಕೈ ಹತ್ತಿರ ಸಿಕ್ಕರು. ಭಾನುವಾರದ ರಜೆ, ಅಂಗಿ ತೋಳು ಮಡಚಿ, ನಾಲಿಗೆ ಹೊರಚಾಚಿ, ಬಲು ಶ್ರದ್ಧೆಯಿಂದ ನಾಲ್ಕನೇ ಬಣ್ಣ ತುಂಬುತ್ತಿದ್ದರು. ಪಕ್ಕದಲ್ಲಿ ಅವರ ಏಳು ವರ್ಷದ ಮಗಳು ಸೊಂಟಕ್ಕೆ ಕೈಕೊಟ್ಟು ನಿಂತಿದ್ದಳು.

“ಅಪ್ಪಾ, ಗೆರೆ ದಾಟಬೇಡಿ ಅಂತ ಎಷ್ಟು ಸಲ ಹೇಳೋದು?”

“ಸರ್,” ಎಂದೆ. ಕೇಳಿಸಲಿಲ್ಲ. “ಸರ್!”

ತಿರುಗಿದರು. ಮೀಸೆಯ ಮೇಲೆ ಹಳದಿ ಚುಕ್ಕೆ. ನನ್ನನ್ನು ಕಂಡೊಡನೆ ಮುಖ ಗಂಭೀರವಾಯಿತು. ಅದಕ್ಕಿಂತ ಹೆಚ್ಚಾಗಿ ಸುಸ್ತಾಯಿತು.

ಒಂದೇ ಉಸಿರಿಗೆ ಹೇಳಿದೆ. ಬುಧವಾರದ ಸಭೆ, ಕೆಂಪು ಪೆನ್ನು, ಎಡತುದಿ. ಅವರು ಮಧ್ಯೆ ಬಾಯಿ ಹಾಕಲಿಲ್ಲ.

“ನೋಡಮ್ಮ,” ಎಂದರು ಕೊನೆಗೆ. “ನನ್ನ ಹತ್ರ ಇರೋದು ಎರಡೇ ವಿಷಯ. ನಿನ್ನ ಫೋನಿಗೆ ಬಂದ ಮೆಸೇಜು, ಈ ಗೋಡೆ. ‘ಗೋಡೆ ಕೆಲಸ ಮುಗಿಸಿದೀನಿ, ನನ್ನ ಹುಡುಕಬೇಡಿ’ ಅಂತ ನಿಮ್ಮಕ್ಕ ಬರೆದಳು. ಶುಕ್ರವಾರ ಬೆಳಿಗ್ಗೆ ಬಂದು ನೋಡಿದ್ರೆ ಗೋಡೆ ನಿಜವಾಗ್ಲೂ ಮುಗಿದಿತ್ತು. ಯಾರಾದ್ರೂ ಎಳೆದುಕೊಂಡು ಹೋಗಿದ್ರೆ, ‘ತಾಳಿ, ನಂಬರ್ ಹಾಕಿ ಬರ್ತೀನಿ’ ಅಂದ್ರೆ ಬಿಡ್ತಿದ್ರಾ?”

“ಅದನ್ನೇ ಸರ್ ನಾನೂ ಹೇಳ್ತಿರೋದು. ಅವಳು ಮುಗಿಸಿಲ್ಲ.”

“ಕೈಬರಹ ಅವಳದ್ದೇ ಅಂತ ಶುಕ್ರವಾರ ನೀನೇ ಹೇಳಿದ್ದು. ಹೇಳಿಕೆಗೆ ಸಹಿ ಹಾಕಿದೀಯ.”

ಹಾಕಿದ್ದೆ. ಅಳುತ್ತಾ, ದೂರದಿಂದ ನೋಡಿ, ಹೌದು ಸರ್ ಎಂದಿದ್ದೆ.

“ಇನ್ಸುಲಿನ್ ಸರ್,” ಎಂದೆ. “ಅವಳಿಗೆ ಹತ್ತನೇ ವಯಸ್ಸಿಂದ ಸಕ್ಕರೆ ಕಾಯಿಲೆ. ಬ್ಯಾಗಲ್ಲಿರೋ ಇನ್ಸುಲಿನ್ ಪೆನ್ನು ಇವತ್ತು ಸಂಜೆಗೆ ಖಾಲಿ. ನಾನು ಲೆಕ್ಕ ಹಾಕಿದೀನಿ. ಐದು ಗಂಟೆಗೆ ಚುಚ್ಚಿಕೊಂಡರೆ ಅದೇ ಕೊನೇದು.”

“ಔಷಧಿ ಅಂಗಡಿ ಎಲ್ಲಾ ಊರಲ್ಲೂ ಇರುತ್ತಮ್ಮ.”

“ಹೊರಗೆ ಇದ್ರೆ ಸರ್. ಬಾಗಿಲು ತೆಗೆದುಕೊಂಡು ಅಂಗಡಿಗೆ ಹೋಗೋ ಜಾಗದಲ್ಲಿದ್ರೆ.”

ಅವರು ಬ್ರಶ್ಶನ್ನೇ ನೋಡಿದರು. ಆಮೇಲೆ ಮೆಲ್ಲಗೆ, “ಫೋಟೊ ತೆಗೀತೀನಿ. ಆದ್ರೆ ಏನಂತ ಬರೆದುಕೊಳ್ಳಲಿ? ಎಂಟು ಬರೆಯೋ ಕಡೆ ಒಂಬತ್ತು ಬರೆದಳು, ಅದಕ್ಕೇ ಅಪಹರಣ ಅಂತಲಾ? ಬೇರೆ ಯಾರೋ ಬರೆದ್ರು ಅಂತೀಯ. ಸರಿ. ಯಾರು ಅಂತ ಹೇಳು. ಹೆಸರು ಹೇಳು, ಈ ಬ್ರಶ್ ಇಲ್ಲೇ ಬಿಸಾಕಿ ಬರ್ತೀನಿ.”

“ಅಪ್ಪಾ, ಒಣಗ್ತಿದೆ!” ಎಂದಳು ಮಗಳು.

ನಾನು ಎಡತುದಿಗೆ ವಾಪಸು ಬಂದಾಗ ಒಂಬತ್ತುಗಳು ನಾಲ್ಕು ಉಳಿದಿದ್ದವು.

ಗೋಡೆಗೆ ಮೂಗು ತಾಗುವಷ್ಟು ಬಗ್ಗಿ ನೋಡಿದೆ. ಪಕ್ಕದಲ್ಲಿ ಯಾರೋ “ವಾಸನೆ ಹಿಡೀತಿದಾಳಾ?” ಎಂದರು. ನೋಡಿದೆ, ಮತ್ತೆ ನೋಡಿದೆ. ಶುಕ್ರವಾರ ನೋಡಬೇಕಿದ್ದದ್ದನ್ನು ಈಗ ನೋಡಿದೆ.

ಪ್ರತಿ ಅಂಕಿಯ ಮೇಲೂ ತೆಳ್ಳಗೆ ಕಪ್ಪು ಮಸುಕು. ಅಂಗೈ ಉಜ್ಜಿ ಹೋದ ಹಾಗೆ. ಅಕ್ಕನ ಅಂಕಿಗಳ ಮೇಲೆ ಅಂಥ ಮಸುಕು ಎಂದೂ ಇರದು. ಇದನ್ನು ಬರೆದವರೂ ಅವಳು ಬಿಟ್ಟಲ್ಲಿಂದ ಎಡಕ್ಕೇ ಸರಿದಿದ್ದಾರೆ, ಆದರೆ ಬಲಗೈಯಲ್ಲಿ. ಆಗತಾನೇ ಬರೆದದ್ದರ ಮೇಲೆ ಅಂಗೈ ಹಾದುಹೋಗಿದೆ.

ಬಲಗೈಯವರು. ಅಕ್ಕನ ಅಕ್ಷರವನ್ನು ಅವಳ ತಂಗಿಗೂ ಗುರುತು ಸಿಗದ ಹಾಗೆ ಬರೆಯಬಲ್ಲವರು. ಒಂಬತ್ತು ಬಣ್ಣದ ಹಳೆಯ ಪಟ್ಟಿ ಇಟ್ಟುಕೊಂಡು, ಬುಧವಾರದ ಸಭೆಗೆ ಬಾರದವರು.

ಪಟ್ಟಿಯ ನಾಲ್ಕನೇ ಪ್ರತಿ ಯಾರ ಹತ್ತಿರ ಇತ್ತೆಂದು ನನಗೆ ಗೊತ್ತಿತ್ತು. ಬುಧವಾರ ಅವರೇಕೆ ಬರಲಿಲ್ಲವೆಂಬುದೂ. ಆ ದಿನ ಅವರು ಕಣ್ಣಿನ ಪೊರೆ ತೆಗೆಸಿಕೊಂಡಿದ್ದರು.

ಬೇಡ, ಎಂದುಕೊಂಡೆ. ಬೇರೆ ಯಾರಾದರೂ ಆಗಿರಲಿ. ಅವರೊಬ್ಬರು ಬೇಡ.

ತಲೆಯೆತ್ತಿದರೆ ಒಂದೇ ಒಂದು ಒಂಬತ್ತು ಉಳಿದಿತ್ತು, ಹಗ್ಗದ ತುದಿಯಲ್ಲಿ, ನನ್ನ ಭುಜದೆತ್ತರಕ್ಕೆ. ಕಂಡಕ್ಟರು ಬ್ರಶ್ ಅದ್ದಿಕೊಂಡು ಅತ್ತಲೇ ಬರುತ್ತಿದ್ದ.

ನಾನು ಹೋಗಿ ಅದಕ್ಕೆ ಬೆನ್ನು ಕೊಟ್ಟು ನಿಂತುಬಿಟ್ಟೆ.

“ಸ್ವಲ್ಪ ಸರೀರಿ, ಮುಂದೆ ಸರೀರಿ,” ಎಂದ ಕಂಡಕ್ಟರು, ಬಸ್ಸಿನ ದನಿಯಲ್ಲೇ.

ಇಲ್ಲವೆಂದು ತಲೆಯಾಡಿಸಿದೆ.

“ಸರಿಯೋದಿಲ್ವಾ? ಸೀಟು ರಿಸರ್ವಾ?”

ಸುತ್ತಲಿದ್ದವರು ನಕ್ಕರು. ಎರಡೂ ಪಕ್ಕದ ಹಸಿ ಬಣ್ಣ ಅಂಗಿಯೊಳಗೆ ಇಳಿದು ಬೆನ್ನಿಗೆ ತಣ್ಣಗೆ ಹತ್ತಿಕೊಂಡಿತು. ಲೈಬ್ರರಿ ಮೇಡಂ ಬಂದು ತೋಳು ಹಿಡಿದರು.

“ಬಾಮ್ಮ, ನೆರಳಲ್ಲಿ ಕೂತ್ಕೋ. ನಿನ್ನ ಸಂಕಟ ನನಗೆ ಗೊತ್ತಾಗುತ್ತೆ. ಆದ್ರೆ ಇಷ್ಟು ಜನ ಬಂದಿದಾರೆ, ನಿಮ್ಮಕ್ಕನ ಕೆಲಸವೇ ಅಲ್ವಾ ಇದು?”

“ಬರಲ್ಲ ಮೇಡಂ.”

“ಹಟ ಮಾಡಬೇಡ.”

“ಬರಲ್ಲ.”

ಇಷ್ಟು ಜನರ ಮುಂದೆ ನಾನು ಹಟ ಹಿಡಿದದ್ದು ಅದೇ ಮೊದಲು. ಅವರು ಕೈ ಬಿಟ್ಟರು. “ಬೋರ್ಡ್ ಮಾವನ್ನ ಕರೀರಿ. ಅವರ ಮಾತಾದ್ರೂ ಕೇಳ್ತಾಳೇನೋ,” ಎಂದರು ಯಾರಿಗೋ.

ಬೇಡವೆಂದುಕೊಂಡ ಹೆಸರು ತಾನಾಗಿಯೇ ಬಂತು.

ಊರಿನ ಎಲ್ಲ ಅಂಗಡಿಗಳ ಬೋರ್ಡು ಬರೆದವರು ಬೋರ್ಡ್ ಮಾವ. ಅಪ್ಪನ ನಲವತ್ತು ವರ್ಷದ ಗೆಳೆಯ. ಅಕ್ಕನಿಗೆ ಇದ್ದಿಲು ಹಿಡಿಯಲು ಕಲಿಸಿದವರು. ನನಗೆ ಸೈಕಲ್ ಕಲಿಸಿದವರು. ಕಪ್ಪು ಕನ್ನಡಕ, ಅದರೊಳಗೆ ಬಲಗಣ್ಣಿಗೆ ಹಸಿರು ಪಟ್ಟಿ. ಎಡಗಣ್ಣಿಗೂ ಹತ್ತಿರದ್ದು ಕಾಣದು. ಡಾಕ್ಟರು ಮನೆಯಲ್ಲಿರಿ ಅಂದದ್ದನ್ನು ಗಾಳಿಗೆ ತೂರಿ ಬೆಳಿಗ್ಗೆಯಿಂದ ಜನರಿಗೆ ಬ್ರಶ್ ಹಿಡಿಯುವುದು ಹೇಗೆಂದು ತೋರಿಸುತ್ತಿದ್ದರು.

“ಏನೇ ಇದು, ಗೋಡೆಗೆ ಮೊಳೆ ಹೊಡೆದ ಹಾಗೆ ನಿಂತಿದೀಯ?”

“ಎಲ್ಲರನ್ನೂ ಆಚೆ ಕಳಿಸಿ ಮಾವ.”

ಅವರು ನನ್ನ ಮುಖವನ್ನು ಎಷ್ಟು ಕಂಡರೋ ತಿಳಿಯದು. ದನಿ ಕೇಳಿರಬೇಕು. “ಏಯ್, ನಡೀರಿ, ನಡೀರಿ! ಆ ಕಡೆ ಸ್ಟಿಯರಿಂಗ್ ಖಾಲಿ ಇದೆ,” ಎಂದು ಕೈಬೀಸಿದರು. ಕಂಡಕ್ಟರು ಗೊಣಗುತ್ತಾ ಹೋದ.

“ನನ್ನ ಬೆನ್ನ ಹಿಂದೆ ಒಂದು ಒಂಬತ್ತಿದೆ ಮಾವ.”

“ಇದ್ದರೆ ಇರಲಿ.”

“ನೀವು ಬರೆದದ್ದು.”

“ನಿನಗೆ ಬಿಸಿಲು ತಲೆಗೇರಿದೆ. ಅದು ನಿಮ್ಮಕ್ಕನ ಕೈ. ಕುರುಡನೂ ಹೇಳ್ತಾನೆ.”

“ಅಕ್ಕ ಬುಧವಾರವೇ ಬೂದು ತೆಗೆದುಹಾಕಿದ್ದಳು. ನಿಮಗೆ ಗೊತ್ತಿರಲಿಲ್ಲ. ನೀವು ಆಸ್ಪತ್ರೇಲಿದ್ರಿ.”

ಮಾವನ ಕೈಯಲ್ಲಿದ್ದ ಬ್ರಶ್ಶಿನಿಂದ ಒಂದು ಹನಿ ಚಪ್ಪಲಿಯ ಮೇಲೆ ಬಿತ್ತು. ಒರೆಸಲಿಲ್ಲ.

“ಒಂಬತ್ತು ಇಲ್ವಾ?” ಎಂದರು, ಮೆಲ್ಲಗೆ. “ಮೂರು ಕಡೆ ಬೂದು ಹೊಂದಲ್ಲ ಅಂತ ನನಗೂ ಅನ್ನಿಸಿತ್ತು. ಆದ್ರೂ ಅವಳ ಪಟ್ಟಿ ಅಂತ ಹಾಕಿದೆ.”

ಹೇಳಿದ ಮೇಲೆ ಏನು ಹೇಳಿದೆನೆಂದು ಹೊಳೆದಿರಬೇಕು. ಅಲ್ಲೇ ಇದ್ದ ಖಾಲಿ ಡಬ್ಬದ ಮೇಲೆ ಕುಸಿದರು.

“ಅಕ್ಕ ಎಲ್ಲಿ ಮಾವ?”

“ನನಗೇನು ಗೊತ್ತು? ನನ್ನಾಣೆಗೂ ಗೊತ್ತಿಲ್ಲ ಕಣೇ.”

“ಸುಳ್ಳು ಹೇಳಬೇಡಿ. ಪೊಲೀಸರು ಅವಳನ್ನ ಹುಡುಕದೇ ಇರೋದು ಈ ಗೋಡೆ ಮುಗಿದಿದೆ ಅಂತಲೇ. ಮುಗಿಸಿದ್ದು ನೀವು. ಅವಳ ಹಾಗೇ ಬರೆದ್ರಿ. ಅಳಿಸಿಹೋಗ್ತಿದ್ರೂ ಅವಳ ದಿಕ್ಕಿನಲ್ಲೇ ಬರೆದ್ರಿ. ಯಾಕೆ?”

“ಮತ್ತೆ ಹೇಗೆ ಬರೀಬೇಕಿತ್ತು?” ಅವರಿಗೆ ಸಿಟ್ಟೇ ಬಂತು. “ನಮ್ಮ ಕಸುಬಲ್ಲಿ ಇನ್ನೊಬ್ಬರ ಬೋರ್ಡು ಅರ್ಧ ನಿಂತ್ರೆ ಮುಗಿಸಿಕೊಡ್ತೀವಿ. ಮುಗಿಸಿದ ಮೇಲೆ ನಮ್ಮ ಕೈ ಕಾಣಬಾರದು. ಕಂಡರೆ ಅವರಿಗೆ ಅವಮಾನ. ನನ್ನ ಗುರು ಜ್ವರದಲ್ಲಿ ಮಲಗಿದಾಗ ನಾನು ಮುಗಿಸಿದ ಬೋರ್ಡು ಇವತ್ತಿಗೂ ಅವರದ್ದೇ ಅಂತಾರೆ ಜನ. ನಾನು ಇಲ್ಲ ಅಂದಿಲ್ಲ. ಶುಕ್ರವಾರ ಬೆಳಕು ಹರಿಯೋಕೆ ಮುಂಚೆ ಬಂದು, ಒಂದೇ ಕಣ್ಣಲ್ಲಿ, ತಡಕಾಡಿಕೊಂಡು, ಬಾಯಿಪಾಠವಿದ್ದ ಪಟ್ಟಿ ನೆನೆದು ಹಾಕಿದೆ ಕಣೇ. ಅವಳು ಕೇಳಿದಳು ಅಂತ ಹಾಕಿದೆ.”

“ಅಕ್ಕ ಕೇಳಿದಳಾ?”

“ಗುರುವಾರ ಸಂಜೆ ಮೆಸೇಜು ಬಂತಲ್ಲ. ‘ಮಾವ, ನಾನು ಸ್ವಲ್ಪ ದಿನ ದೂರ ಹೋಗ್ತಿದೀನಿ. ಉಳಿದ ಜಾಗಕ್ಕೆ ನೀವೇ ನಂಬರ್ ಹಾಕಿಬಿಡಿ. ಯಾರಿಗೂ ಹೇಳಬೇಡಿ, ನನ್ನ ಮರ್ಯಾದೆ ಪ್ರಶ್ನೆ.’ ಮರ್ಯಾದೆ ಅಂದ ಮೇಲೆ ಬಾಯಿ ಬಿಡೋಕಾಗುತ್ತಾ? ಪೊಲೀಸರೂ ತಾನಾಗೇ ಹೋದಳು ಅಂದ್ರು. ಹೌದು, ಅವಳೇ ನನಗೂ ಹಾಗಂದಿದಾಳಲ್ಲ ಅಂತ ಸುಮ್ಮನಿದ್ದೆ. ಆದ್ರೆ ನಿನ್ನ ಮುಖ ನೋಡಿದ ದಿನದಿಂದ ಗಂಟಲಲ್ಲಿ ತುತ್ತು ಇಳಿದಿಲ್ಲ.”

“ಅವಳ ಇನ್ಸುಲಿನ್ ಇವತ್ತು ಐದಕ್ಕೆ ಮುಗಿಯುತ್ತೆ ಮಾವ.”

ಮಾವನ ಬಾಯಿ ಹಾಗೇ ತೆರೆದುಕೊಂಡಿತು. ಕನ್ನಡಕದ ಕೆಳಗಿಂದ ಒಂದೇ ಕಣ್ಣಿನ ನೀರು ಕೆನ್ನೆಗಿಳಿಯಿತು. ಜೇಬಿಗೆ ಕೈಹಾಕಿ ಫೋನ್ ತೆಗೆದು ಕೊಟ್ಟರು.

“ತಗೋ, ನೀನೇ ನೋಡು. ನಾನು ಒಂದಕ್ಷರ ಸುಳ್ಳು ಹೇಳಿಲ್ಲ.”

ಬೆನ್ನು ಗೋಡೆಯಿಂದ ತೆಗೆಯದೆಯೇ ಫೋನ್ ಬಿಚ್ಚಿದೆ. ಅಕ್ಕನ ಹೆಸರು. ಗುರುವಾರ, ಸಂಜೆ ಆರು ನಲವತ್ತು. ಒಂದೇ ಮೆಸೇಜು.

‘ಮಾವ ಈಗಲೇ ಗೋಡೆ ಹತ್ರ ಬನ್ನಿ. ನೀವೊಬ್ರೇ ಬನ್ನಿ. ಭಯ ಆಗ್ತಿದೆ. ಅಪ್ಪನಿಗೆ ಮಾತ್ರ ಗೊತ್ತಾಗಬಾರದು.’

ಮೇಲೆ ನೋಡಿದೆ, ಕೆಳಗೆ ನೋಡಿದೆ. ಬೇರೇನೂ ಇರಲಿಲ್ಲ. ನಂಬರಿನ ಮಾತಿಲ್ಲ, ದೂರ ಹೋಗುವ ಮಾತಿಲ್ಲ, ಮರ್ಯಾದೆಯ ಮಾತಿಲ್ಲ.

“ಇದೆಯಲ್ಲಾ?” ಎಂದರು ಮಾವ. “ಎಲ್ಲಾ ಹಾಗೇ ಇದೆ ತಾನೇ?”

“ಮಾವ,” ನನ್ನ ದನಿ ನನಗೇ ಬೇರೆಯವರದ್ದೆನ್ನಿಸಿತು. “ಇದನ್ನ ನೀವು ಓದಿದ್ರಾ?”

“ನಾನೆಲ್ಲಿ ಓದಲಿ? ಒಂದು ಕಣ್ಣಿಗೆ ಪಟ್ಟಿ, ಇನ್ನೊಂದಕ್ಕೆ ಫೋನಿನ ಅಕ್ಷರ ಎಲ್ಲ ಇರುವೆ ಸಾಲು. ಓದಿಸಿಕೊಂಡೆ.”

“ಯಾರ ಹತ್ರ?”

“ನಿಮ್ಮಪ್ಪನ ಹತ್ರ, ಇನ್ಯಾರ ಹತ್ರ?” ಇದೂ ಒಂದು ಪ್ರಶ್ನೆಯೇ ಎಂಬಂತೆ ಹೇಳಿದರು. “ಆಪರೇಷನ್ ಆದವನನ್ನ ನೋಡೋಕೆ ಅಂತ ಬಂದಿದ್ದ. ಎದುರಿಗೇ ಕೂತಿದ್ದ. ಫೋನ್ ಟಿಣ್ ಅಂತು. ಯಾರದ್ದೋ ನೋಡೋ ಅಂತ ಕೊಟ್ಟೆ. ನಿಧಾನಕ್ಕೆ, ಒಂದೊಂದೇ ಮಾತು ಓದಿ ಹೇಳಿದ. ‘ಯಾರಿಗೂ ಹೇಳಬೇಡ ಅಂದಿದಾಳೆ, ನನ್ನ ಮುಂದೆಯೂ ಮತ್ತೆ ಈ ಮಾತು ಎತ್ತಬೇಡ, ನನಗೆ ತಡಕೊಳ್ಳೋಕಾಗಲ್ಲ’ ಅಂದ. ಪಾಪ, ಅವನ ಕೈ ನಡುಗ್ತಿತ್ತು.”

ಊರಿನ ಅರ್ಧ ಜನಕ್ಕೆ ಬಂದ ಕಾಗದ ಓದಿ ಹೇಳುವುದು ಅಪ್ಪನೇ. ಓದುತ್ತಾ ಓದುತ್ತಾ ಹೊಸ ಕಾಗದವನ್ನೇ ಕಟ್ಟಬಲ್ಲರು. ಅಲ್ಪವಿರಾಮವೂ ತಪ್ಪುವುದಿಲ್ಲ.

ಬೆನ್ನನ್ನು ಗೋಡೆಗೆ ಇನ್ನಷ್ಟು ಒತ್ತಿದೆ.

ಮೇಜಿನ ಕಡೆ ನೋಡಿದೆ. ಅಪ್ಪನ ಕುರ್ಚಿ ಖಾಲಿ.

ಅವರು ಜನರ ನಡುವೆ ದಾರಿ ಮಾಡಿಕೊಂಡು ನಮ್ಮತ್ತಲೇ ಬರುತ್ತಿದ್ದರು. ಕೈಯಲ್ಲೊಂದು ಒದ್ದೆ ಬಟ್ಟೆ. ಇನ್ನೊಂದು ಕಡೆಯಿಂದ ಇನ್‌ಸ್ಪೆಕ್ಟರು, ಮಗಳ ಕೈ ಹಿಡಿದುಕೊಂಡು. ನಾನು ಫೋನನ್ನು ಬೆನ್ನ ಹಿಂದೆ ತಂದು ಗೋಡೆಗೆ ಒತ್ತಿಕೊಂಡೆ.

“ಏನಮ್ಮ, ಹೆಸರು ಸಿಕ್ತಾ?” ಎಂದರು ಇನ್‌ಸ್ಪೆಕ್ಟರು. ಡಬ್ಬದ ಮೇಲೆ ಅಳುತ್ತಾ ಕೂತ ಮಾವನನ್ನು ಕಂಡು ಅವರ ದನಿ ಬದಲಾಯಿತು. “ಏನಿದು? ಇವರಾ?”

“ಹೌದು ಸರ್, ನಾನೇ,” ಎಂದರು ಮಾವ. “ಈ ತುದಿ ಪೂರ್ತಿ ನಾನೇ ಹಾಕಿದ್ದು. ಶುಕ್ರವಾರ ಬೆಳಿಗ್ಗೆ.”

“ಯಾರು ಹೇಳಿ ಹಾಕಿಸಿದ್ದು?”

ಅಷ್ಟರಲ್ಲಿ ಅಪ್ಪ ಬಂದು ಮಾವನ ಹಿಂದೆ ನಿಂತರು. ಗೆಳೆಯನ ಭುಜದ ಮೇಲೆ ಕೈಯಿಟ್ಟರು. ನನ್ನನ್ನು ನೋಡಿದರು.

ಹೇಳಿಬಿಡಬಹುದಿತ್ತು. ಎರಡೇ ಅಕ್ಷರ. ಹುಟ್ಟಿದಾಗಿನಿಂದ ಕರೆದ ಪದ.

ಹೇಳಿದರೆ ಏನಾಗುತ್ತದೆ? ಇಲ್ಲೇ ಹಿಡಿಯುತ್ತಾರೆ. ಠಾಣೆಗೆ ಒಯ್ಯುತ್ತಾರೆ. ಅಪ್ಪ ಕೂತಲ್ಲಿ ಕೂತಿರುತ್ತಾರೆ. ಯಾರ ಮನೆಯ ಪಾಲು ಹೇಗಾಯಿತು, ಯಾರು ಯಾರಿಗೆ ಏನು ಬರೆದುಕೊಟ್ಟರು, ಊರಿನ ಮೂವತ್ತು ವರ್ಷದ ಗುಟ್ಟೆಲ್ಲ ಅವರ ಹೊಟ್ಟೆಯೊಳಗಿದೆ. ಇಂದಿನವರೆಗೆ ಒಂದೂ ಹೊರಬಿದ್ದಿಲ್ಲ. ಒದ್ದರೂ ಬಾಯಿ ಬಿಡುವವರಲ್ಲ. ಅಕ್ಕ ಎಲ್ಲಿದ್ದಾಳೆಂದು ಗೊತ್ತಿರುವವರು ಅವರೊಬ್ಬರೇ, ಮತ್ತು ಗಂಟೆ ಆಗಲೇ ಮೂರು. ಅವರು ಹೊರಗಿದ್ದು, ನಡೆದು, ಅವಳಿದ್ದ ಕಡೆಗೆ ಹೋದರಷ್ಟೇ ನಾನೂ ಹೋಗಬಲ್ಲೆ.

ಮಾವ ಬಾಯಿ ತೆರೆದರು. ನಾನು ಎಡಗೈ ಚಾಚಿ ಅವರ ಮಣಿಕಟ್ಟು ಹಿಡಿದೆ, ಉಗುರು ನಾಟುವ ಹಾಗೆ.

“ಯಾರೂ ಹೇಳಿಲ್ಲ ಸರ್,” ಎಂದೆ. ಜೋರಾಗಿ, ನರ್ಸಜ್ಜಿಗೂ ಕೇಳುವಷ್ಟು. “ಮಾವನೇ ಹಾಕಿದಾರೆ. ಯಾಕೆ ಅಂತ ಎಷ್ಟು ಕೇಳಿದ್ರೂ ಹೇಳ್ತಿಲ್ಲ.”

ಮಾವ ಮುಖವೆತ್ತಿದರು. ಆ ಕಪ್ಪು ಕನ್ನಡಕದೊಳಗಿನ ಒಂದು ಕಣ್ಣು ನನ್ನನ್ನು ಹುಡುಕಿತು. ಸೈಕಲ್ಲಿನ ಹಿಂದೆ ಓಡಿಬರುತ್ತಾ ‘ನಾನು ಹಿಡಿದಿದೀನಿ, ನೀನು ತುಳಿ’ ಎನ್ನುತ್ತಿದ್ದವರು.

“ಹೌದು ಸರ್,” ಎಂದರು ಕೊನೆಗೆ. “ಯಾರೂ ಹೇಳಿಲ್ಲ.”

ಇನ್‌ಸ್ಪೆಕ್ಟರು ಬ್ರಶ್ಶನ್ನು ನೆಲಕ್ಕೆ ಬಿಸಾಡಿದರು. ಮಗಳನ್ನು ಲೈಬ್ರರಿ ಮೇಡಂಗೆ ಒಪ್ಪಿಸಿ, ಮಾವನ ತೋಳು ಹಿಡಿದು ಎಬ್ಬಿಸಿದರು. ತಮ್ಮ ಅಂಗಡಿಯ ಬೋರ್ಡುಗಳ ಕೆಳಗೇ ನಿಂತು ಜನ ಅವರನ್ನು ನೋಡಿದರು. “ಥೂ,” ಎಂದ ಟೈಲರಣ್ಣ. “ಮಗಳ ಹಾಗಿದ್ದಳಲ್ಲಯ್ಯಾ ನಿನಗೆ.” ಯಾರೋ ಬಣ್ಣದ ನೀರು ಎರಚಿದರು. ಮಾವ ಒರೆಸಿಕೊಳ್ಳಲಿಲ್ಲ. ನೆಲ ಕಾಣದೆ ಎರಡು ಸಲ ಎಡವಿದರು. ನಾನು ನಿಂತಲ್ಲೇ ಇದ್ದೆ.

ಜನವೆಲ್ಲ ಅವರ ಹಿಂದೆ ಹೋಯಿತು. ಗೋಡೆಯ ಬಳಿ ಉಳಿದವರು ಇಬ್ಬರೇ.

ಫೋನು ಇನ್ನೂ ನನ್ನ ಬಲಗೈಯಲ್ಲಿ, ಬೆನ್ನ ಹಿಂದೆ. ಬೆವರಿಗೆ ಜಾರುತ್ತಿತ್ತು.

ಅಪ್ಪ ಹತ್ತಿರ ಬಂದರು. ಯಾವಾಗಿನ ಹಾಗೆಯೇ ನನ್ನ ಕೆನ್ನೆ ಸವರಿದರು. ಕೈ ನಡುಗುತ್ತಿರಲಿಲ್ಲ.

“ಅವನ ಬಾಯಿಂದ ಬೇರೇನೂ ಬರಲಿಲ್ವಾ ಮಗಳೇ?”

“ಇಲ್ಲ ಅಪ್ಪಾ.”

“ಒಳ್ಳೇದಾಯ್ತು ಬಿಡು.” ಒದ್ದೆ ಬಟ್ಟೆಯನ್ನು ನಾಲ್ಕಾಗಿ ಮಡಚಿದರು, ಅಂಚಿಗೆ ಅಂಚು ಸರಿಯಾಗಿ ಕೂಡಿಸಿ. “ಅಯ್ಯೋ, ಬೆನ್ನೆಲ್ಲಾ ಬಣ್ಣ ಮಾಡಿಕೊಂಡಿದೀಯಲ್ಲ. ತಿರುಗು, ಒರೆಸ್ತೀನಿ.”

ನಾನು ಅಲುಗಲಿಲ್ಲ.

“ತಿರುಗು ಮಗಳೇ,” ಎಂದರು ಅಪ್ಪ, ಇನ್ನೂ ಮೆಲ್ಲಗೆ.